ಬೆಂಗಳೂರಿನ ಹಾಕ್ ಎಂಟು ತಿಂಗಳು ಮೊದಲೇ ಹಾರಿದ್ದರೆ

ಬೀದರಿನವರಿಗೆ ಹಾಕ್ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ವಾಯುಪಡೆಯ ಹುಡುಗರು ಫೈಟರ್ ವಿಮಾನ ಹತ್ತುವ ಮೊದಲು ಕೈ ಪಳಗಿಸಿಕೊಳ್ಳುವ ತರಬೇತಿ ಜೆಟ್ ಅದು. 2008ರ ಫೆಬ್ರುವರಿಯಲ್ಲಿ ಬೀದರ್ ವಾಯುನೆಲೆಗೆ ಬಂತು. ಮೋಡವಿಲ್ಲದ ದಿನ ಭಾಲ್ಕಿಯ ಕಬ್ಬಿನ ಹೊಲದಲ್ಲಿದ್ದವರೂ ಔರಾದಿನ ತೊಗರಿ ಹೊಲದಲ್ಲಿದ್ದವರೂ ಅದರ ಸದ್ದಿಗೆ ಒಮ್ಮೆ ತಲೆ ಎತ್ತಿ, ಮತ್ತೆ ಕೆಲಸಕ್ಕೆ ಬಗ್ಗುತ್ತಾರೆ. ವಿನ್ಯಾಸ ಬ್ರಿಟನ್ನಿನದು, ಆದರೆ ಹೆಚ್ಚಿನವು ತಯಾರಾದದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ.

ಎಚ್‌ಎಎಲ್‌ಗೆ ಈ ಹೆಸರು ಹೊಸದಲ್ಲ. 1942ರ ಜುಲೈ 31ರಂದು ಆ ಕಾರ್ಖಾನೆಯಿಂದ ಮೇಲೆದ್ದ ಮೊದಲ ಫೈಟರ್ ವಿಮಾನದ ಹೆಸರೂ ಹಾಕ್. ಅದು ಅಮೆರಿಕದ ಕರ್ಟಿಸ್ ಕಂಪನಿಯ ಹಾಕ್ 75. ಇವತ್ತಿನ ಹಾಕ್‌ಗೂ ಅದಕ್ಕೂ ಹೆಸರು ಬಿಟ್ಟರೆ ಯಾವ ನಂಟೂ ಇಲ್ಲ. ನನ್ನನ್ನು ಕಾಡಿದ್ದು ಹೆಸರಲ್ಲ, ತಾರೀಖು. ಜಪಾನ್ ಪರ್ಲ್ ಹಾರ್ಬರ್ ಮೇಲೆ ಎರಗಿದ್ದು 1941ರ ಡಿಸೆಂಬರ್ 7ರಂದು. ರಂಗೂನ್ ಕೈತಪ್ಪಿದ್ದು 1942ರ ಮಾರ್ಚ್‌ನಲ್ಲಿ. ಏಪ್ರಿಲ್ 5ರಂದು ಕೊಲಂಬೊ, ಮರುದಿನ ನಮ್ಮದೇ ಕರಾವಳಿಯ ವಿಶಾಖಪಟ್ಟಣ ಮತ್ತು ಕಾಕಿನಾಡ, 9ರಂದು ಟ್ರಿಂಕೋಮಲಿ ಬಾಂಬಿಗೆ ಗುರಿಯಾದವು. ಮದರಾಸಿನಿಂದ ಜನ ಗಂಟುಮೂಟೆ ಕಟ್ಟಿಕೊಂಡು ಹೊರಟರು. ಇಷ್ಟೆಲ್ಲ ಆದ ಮೇಲೆ, ಪರ್ಲ್ ಹಾರ್ಬರ್‌ನಿಂದ ಹತ್ತಿರ ಹತ್ತಿರ ಎಂಟು ತಿಂಗಳು ಕಳೆದ ಮೇಲೆ, ಬೆಂಗಳೂರಿನ ಫೈಟರ್ ಹಾರಿತು. ಆ ಎಂಟು ತಿಂಗಳನ್ನು ಹಿಂದಕ್ಕೆ ಸರಿಸಿದರೆ?

ಇತಿಹಾಸ ವಿಭಾಗಗಳಲ್ಲಿ ಇಂಥ ಪ್ರಶ್ನೆ ಎತ್ತಿದರೆ ಚಿಕ್ಕಮ್ಮನಿಗೆ ಮೀಸೆ ಬಂದರೆ ಚಿಕ್ಕಪ್ಪ ಎನ್ನಬಹುದು ಎಂಬ ಗಾದೆ ಎದುರಾಗುತ್ತದೆ. ಅಮೆರಿಕದಲ್ಲಿ ಮಾತ್ರ ಪೆಸಿಫಿಕ್ ಯುದ್ಧಕ್ಕೆ ಮುನ್ನ ನಮ್ಮ ಫೈಟರ್‌ಗಳು ಸಜ್ಜಾಗಿದ್ದಿದ್ದರೆ ಎಂಬ ಊಹೆಯ ಸುತ್ತ ದೊಡ್ಡದೊಂದು ಓದುಗವರ್ಗವೇ ಇದೆ. ನಾನು ಈ ಆಟಕ್ಕೆ ಒಂದೇ ನಿಯಮ ಹಾಕಿಕೊಂಡಿದ್ದೇನೆ. ಬದಲಿಸುವ ಸಂಗತಿ ಆ ಕಾಲದ ಯಾರಾದರೂ ಒಬ್ಬರ ಕೈಯಲ್ಲಿ ನಿಜವಾಗಿ ಇದ್ದಿರಬೇಕು. 1935ರ ವಿನ್ಯಾಸಕ್ಕೆ 1944ರ ಎಂಜಿನ್ ಕೂರಿಸುವುದು ಆಟವಲ್ಲ, ಹಗಲುಗನಸು.

ಮೊದಲು ನಡೆದದ್ದನ್ನು ನೋಡೋಣ. 1939ರ ಕೊನೆಗೆ ಉದ್ಯಮಿ ವಾಲ್‌ಚಂದ್ ಹಿರಾಚಂದ್ ವಿಮಾನ ಪ್ರಯಾಣವೊಂದರಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕನ್ನನನ್ನು ಭೇಟಿಯಾದರು. ಪಾಲಿ ಚೀನಾದಲ್ಲಿ ಅಮೆರಿಕದ ವಿಮಾನಗಳನ್ನು ಮಾರುತ್ತಿದ್ದ, ಅಲ್ಲೇ ಜೋಡಿಸುವ ಕಾರ್ಖಾನೆಯನ್ನೂ ನಡೆಸುತ್ತಿದ್ದ. ಜಪಾನಿನ ಸೇನೆ ಮುಂದೆ ಬಂದಂತೆ ಅವನ ಕಾರ್ಖಾನೆ ಹಿಂದೆ ಸರಿಯುತ್ತಾ ಹಾಂಗ್‌ಚೌನಿಂದ ಹಾಂಕೌಗೆ, ಅಲ್ಲಿಂದ ಬರ್ಮಾ ಗಡಿಯ ಲೊಯ್‌ವಿಂಗ್‌ಗೆ ಬಂದಿತ್ತು. ಭಾರತದಲ್ಲಿ ವಿಮಾನ ತಯಾರಿಸಬಹುದೇ ಎಂದು ವಾಲ್‌ಚಂದ್ ಕೇಳಿದರು. ಬಹುದು ಎಂದ ಪಾಲಿ. ಬ್ರಿಟಿಷ್ ಸರ್ಕಾರಕ್ಕೆ ಅದು ರುಚಿಸಲಿಲ್ಲ. ಅಮೆರಿಕದಲ್ಲಿ ಸಿಗುವ ಯಂತ್ರ, ಅಲ್ಯೂಮಿನಿಯಂ, ಎಂಜಿನ್ ಎಲ್ಲವೂ ಬ್ರಿಟನ್ನಿಗೆ ಬೇಕಿರುವಾಗ ಭಾರತದ ಪಾಲಿಗೆ ಯಾಕೆ ಎಂಬುದು ಲಂಡನ್ನಿನ ವಾದ. 1940ರ ಜೂನ್‌ನಲ್ಲಿ ಫ್ರಾನ್ಸ್ ಮುಗ್ಗರಿಸಿದ ಮೇಲೆಯೇ ಆ ಗಡಸು ಸ್ವಲ್ಪ ಮೆತ್ತಗಾಯಿತು.

ಮೈಸೂರು ಸಂಸ್ಥಾನ ಮಾತ್ರ ತಡಮಾಡಲಿಲ್ಲ. ಶಿವನಸಮುದ್ರದ ವಿದ್ಯುತ್ತು, ಭದ್ರಾವತಿಯ ಕಬ್ಬಿಣ, ಬೆಂಗಳೂರಿನ ವಿಜ್ಞಾನ ಸಂಸ್ಥೆ ಅವರ ಬಳಿ ಆಗಲೇ ಇದ್ದವು. ದಿವಾನ ಮಿರ್ಜಾ ಇಸ್ಮಾಯಿಲ್ ಜಮೀನು ಕೊಟ್ಟರು, ಸಂಸ್ಥಾನ 25 ಲಕ್ಷ ರೂಪಾಯಿ ಬಂಡವಾಳ ಹಾಕಿತು. ಇದೆಲ್ಲ ನಡೆಯುತ್ತಿದ್ದಾಗಲೇ, ಆಗಸ್ಟ್‌ನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡು ಜಯಚಾಮರಾಜ ಒಡೆಯರ್ ಪಟ್ಟಕ್ಕೆ ಬಂದರು. ಕೆಲಸ ನಿಲ್ಲಲಿಲ್ಲ. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಅದೇ ವರ್ಷಗಳಲ್ಲಿ ನಮ್ಮ ಬೀದರ್, ಭಾಲ್ಕಿ, ಔರಾದ್ ಇದ್ದದ್ದು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿ. ಭಾಲ್ಕಿ ಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದ ಕಾಲ ಅದು. ಒಂದು ಕಡೆ ಕನ್ನಡದ ಸಂಸ್ಥಾನ ವಿಮಾನ ಕಟ್ಟಲು ಹೊರಟಿದೆ, ಇನ್ನೊಂದು ಕಡೆ ಕನ್ನಡದ ಅಕ್ಷರವೇ ಬೋರ್ಡಿನ ಹಿಂದೆ ಅಡಗಿದೆ. ‘ಕರ್ನಾಟಕದ ವಿಮಾನೋದ್ಯಮದ ಇತಿಹಾಸ’ ಎಂದು ಸಲೀಸಾಗಿ ಬರೆಯುವ ಪುಸ್ತಕಗಳನ್ನು ಓದುವಾಗ ನನಗೆ ಈ ಅಂತರ ನೆನಪಾಗುತ್ತದೆ. ಬೀದರಿನವನಿಗೆ 1940ರ ಬೆಂಗಳೂರು ಪರರಾಜ್ಯ. ಆದರೂ ಈ ಕಥೆಯಲ್ಲಿ ಹೈದರಾಬಾದಿನ ಪಾಲೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

1941ರ ಮಾರ್ಚ್‌ನಲ್ಲಿ ಭಾರತ ಸರ್ಕಾರವೂ ಷೇರುದಾರನಾಯಿತು. ಏಪ್ರಿಲ್‌ನಲ್ಲಿ 48 ಹಾಕ್ ಫೈಟರ್‌ಗಳಿಗೆ ಆರ್ಡರ್ ಬಂತು. ಆಗಸ್ಟ್‌ನಲ್ಲಿ ಮೊದಲ ವಿಮಾನ ಹಾರಿತು, ಆದರೆ ಅದು ಹಾರ್ಲೊ ಎಂಬ ತರಬೇತಿ ವಿಮಾನ, ಫೈಟರ್ ಅಲ್ಲ. ಮೊದಲ ಹಾಕ್ ಹಾರುವ ಹೊತ್ತಿಗೆ ಸರ್ಕಾರ ವಾಲ್‌ಚಂದ್ ಅವರ ಪಾಲನ್ನು ಕೊಂಡುಕೊಂಡಾಗಿತ್ತು. ಇನ್ನು ನಾಲ್ಕು ಹಾಕ್ ಮುಗಿದದ್ದೇ ತಯಾರಿಕೆ ನಿಂತಿತು. 48ರಲ್ಲಿ ಐದು.

ಈಗ ಲೆಕ್ಕ. ಕಂಪನಿ ಹುಟ್ಟಿದ ದಿನದಿಂದ ಮೊದಲ ಹಾಕ್ ಹಾರಿದ ದಿನಕ್ಕೆ ಹತ್ತೊಂಬತ್ತು ತಿಂಗಳು ಚಿಲ್ಲರೆ. ವಾಲ್‌ಚಂದ್ ಕೇಳಿದ್ದಕ್ಕೆ ಸರ್ಕಾರ 1939ರ ಕೊನೆಯಲ್ಲೇ ಹೂಂ ಅಂದಿತು ಎಂದುಕೊಳ್ಳಿ. ಇದು ನನ್ನ ನಿಯಮಕ್ಕೆ ಒಪ್ಪುತ್ತದೆ, ಯಾಕೆಂದರೆ ಹೂಂ ಅನ್ನುವುದು ನಿಜವಾಗಿ ಅವರ ಕೈಯಲ್ಲೇ ಇತ್ತು. ಕಂಪನಿ 1940ರ ಏಪ್ರಿಲ್ ಸುಮಾರಿಗೆ ಹುಟ್ಟುತ್ತದೆ, ಮೊದಲ ಹಾಕ್ 1941ರ ನವೆಂಬರ್‌ನಲ್ಲಿ ಹಾರುತ್ತದೆ. ಯುದ್ಧಕ್ಕೆ ಸರಿಯಾಗಿ ಒಂದು ತಿಂಗಳು ಮೊದಲು!

ಇಲ್ಲಿಗೆ ನಿಲ್ಲಿಸಿದರೆ ಚೆಂದದ ಕಥೆ. ಆದರೆ ನವೆಂಬರ್‌ನಲ್ಲಿ ಹಾರಿದ್ದು ಒಂದು ವಿಮಾನ ಮಾತ್ರ. ಡಿಸೆಂಬರ್‌ಗೆ ಎರಡಾಗಬಹುದು, ರಂಗೂನ್ ಬೀಳುವ ಹೊತ್ತಿಗೆ ನಿಜದಲ್ಲಿ ಆದಷ್ಟೇ, ಐದು. ಒಂದು ಸ್ಕ್ವಾಡ್ರನ್ ಎಂದರೆ ಹತ್ತಾರು ವಿಮಾನ ಬೇಕು. ಮೇಲಾಗಿ ಎಂಟು ತಿಂಗಳು ಹಿಂದಕ್ಕೆ ಹೋದರೆ ಅಡ್ಡಿಗಳೂ ಬದಲಾಗುತ್ತವೆ. 1940ರ ಏಪ್ರಿಲ್‌ನಲ್ಲಿ ಕರ್ಟಿಸ್ ಕಾರ್ಖಾನೆ ಫ್ರಾನ್ಸಿನ ಆರ್ಡರ್‌ಗಳಲ್ಲಿ ಮುಳುಗಿತ್ತು. ಮೇ 16ರಂದು ಅಧ್ಯಕ್ಷ ರೂಸ್‌ವೆಲ್ಟ್ ವರ್ಷಕ್ಕೆ 50,000 ವಿಮಾನ ಬೇಕೆಂದು ಅಮೆರಿಕದ ಸಂಸತ್ತಿನ ಮುಂದೆ ಹೇಳಿದ ಮೇಲಂತೂ ಅಲ್ಲಿನ ಒಂದೊಂದು ಲೇತ್ ಯಂತ್ರಕ್ಕೂ ಪೈಪೋಟಿ. ಬೆಂಗಳೂರಿನ ಹಾಕ್‌ಗೆ ಎಂಜಿನ್ ಬರಬೇಕಾದದ್ದು ಅದೇ ಅಮೆರಿಕದಿಂದ. ಬೆಂಗಳೂರಿನಲ್ಲಿ ಶೆಡ್ ಬೇಗ ಎದ್ದರೂ ಆ ಶೆಡ್ಡಿಗೆ ಬರಬೇಕಾದ ಪೆಟ್ಟಿಗೆಗಳು ಬೇಗ ಬರುತ್ತಿದ್ದವೆಂದು ಹೇಳಲಾಗದು.

ಇನ್ನೂ ಕಹಿಯಾದ ಸಂಗತಿ ಬೇರೆ ಇದೆ. ಫ್ರಾನ್ಸ್ ಸೋತಾಗ ಅದಕ್ಕೆಂದು ತಯಾರಾಗಿದ್ದ ಹಾಕ್‌ಗಳು ಬ್ರಿಟನ್ನಿನ ಪಾಲಾದವು. ಮೊಹಾಕ್ ಎಂದು ಹೆಸರಿಟ್ಟರು. ಇನ್ನೂರಕ್ಕೂ ಹೆಚ್ಚು. ಜರ್ಮನ್ ಫೈಟರ್‌ಗಳೆದುರು ಇವು ನಿಲ್ಲಲಾರವು ಎಂದು ಹೆಚ್ಚಿನವನ್ನು ಬ್ರಿಟನ್ನಿನಲ್ಲೇ ಉಗ್ರಾಣದಲ್ಲಿಟ್ಟರು. ಅಂದರೆ 1941ರ ಏಪ್ರಿಲ್‌ನಲ್ಲಿ ಬೆಂಗಳೂರಿಗೆ 48 ಹಾಕ್ ಮಾಡಿಕೊಡಿ ಎಂದು ಆರ್ಡರ್ ಕೊಟ್ಟಾಗ ಅದೇ ಹಾಕ್ ಅದೇ ಸಾಮ್ರಾಜ್ಯದ ಉಗ್ರಾಣದಲ್ಲಿ ಬಳಕೆಯಿಲ್ಲದೆ ನಿಂತಿತ್ತು. ಆಗಸ್ಟ್‌ನಲ್ಲಿ ಬ್ರಿಟಿಷ್ ಪಡೆ ಇರಾನ್ ಹೊಕ್ಕಾಗ ಇನ್ನೂ ಪೆಟ್ಟಿಗೆ ಬಿಚ್ಚದ ಹತ್ತು ಹಾಕ್‌ಗಳು ಅಲ್ಲಿ ಸಿಕ್ಕವು, ಅವೂ ಭಾರತಕ್ಕೆ ಬಂದವು. ಭಾರತದಲ್ಲಿದ್ದ ಬ್ರಿಟಿಷ್ ವಾಯುಪಡೆಯ 5ನೇ ಸ್ಕ್ವಾಡ್ರನ್ ಎರಡು ಜೋಡಿ ರೆಕ್ಕೆಯ ಹಳೇ ವಿಮಾನಗಳನ್ನು ಬಿಟ್ಟು ಮೊಹಾಕ್ ಹತ್ತಿದ್ದು 1941ರ ಡಿಸೆಂಬರ್‌ನಲ್ಲಿ, ಯುದ್ಧ ಶುರುವಾದ ಮೇಲೆ. 1942ರ ಮೊದಲ ತಿಂಗಳುಗಳಲ್ಲಿ ಬಂಗಾಳ, ಅಸ್ಸಾಂ ಕಡೆಯ ಆಕಾಶ ಕಾಯಲು ಆ ಬೆರಳೆಣಿಕೆಯ ಮೊಹಾಕ್‌ಗಳೇ ಗತಿ. ಇನ್ನು ಭಾರತೀಯರ ವಾಯುಪಡೆಯ ಒಂದನೇ ಸ್ಕ್ವಾಡ್ರನ್ ಬರ್ಮಾಕ್ಕೆ ಹೋದದ್ದು ಲೈಸಾಂಡರ್‌ಗಳಲ್ಲಿ. ನೆಲದ ಸೇನೆಗೆ ಕಣ್ಣಾಗಿ ಕೆಲಸ ಮಾಡಲೆಂದು ಕಟ್ಟಿದ, ನಿಧಾನವಾಗಿ ಹಾರುವ ಆ ವಿಮಾನಕ್ಕೆ ಬಾಂಬು ತೂಗಿಸಿಕೊಂಡು ಕೆ.ಕೆ. ಮಜುಂದಾರ್ ಮತ್ತು ಅವರ ಪೈಲಟ್‌ಗಳು ಜಪಾನಿನ ವಿಮಾನ ನಿಲ್ದಾಣಗಳ ಮೇಲೆ ಹೋದರು. ಅವರ ಧೈರ್ಯದ ಬಗ್ಗೆ ಬರೆದಷ್ಟು, ಅವರಿಗೆ ಫೈಟರ್ ಯಾಕೆ ಸಿಗಲಿಲ್ಲ ಎಂಬುದರ ಬಗ್ಗೆ ನಾವು ಬರೆದಿಲ್ಲ.

ಹಾಗಾಗಿ ‘ವಿಮಾನವೇ ಇರಲಿಲ್ಲ’ ಎಂಬುದು ಅರ್ಧ ಸತ್ಯ. ಅಮೆರಿಕನ್ನರ ಕಡೆ ನೋಡಿದರೂ ಅದೇ. ಪರ್ಲ್ ಹಾರ್ಬರ್ ದಿನ ಹವಾಯಿಯಲ್ಲಿ ಪಿ-36 ಮತ್ತು ಪಿ-40 ಫೈಟರ್‌ಗಳು ಇದ್ದವು. ಪಿ-36 ಎಂದರೆ ನಮ್ಮ ಹಾಕ್‌ನದೇ ಸೇನಾ ಹೆಸರು, ಪಿ-40 ಅದೇ ದೇಹಕ್ಕೆ ಬೇರೆ ಎಂಜಿನ್ ಕೂರಿಸಿದ್ದು. ವಿಧ್ವಂಸಕ ಕೃತ್ಯದ ಹೆದರಿಕೆಯಿಂದ ಅವನ್ನು ರೆಕ್ಕೆಗೆ ರೆಕ್ಕೆ ತಾಗುವಂತೆ ಸಾಲಾಗಿ ನಿಲ್ಲಿಸಿದ್ದರು. ಜಪಾನೀಯರಿಗೆ ಅದು ಹಬ್ಬವಾಯಿತು. ಮೇಲೇರಿದ ಕೆಲವೇ ಕೆಲವರಲ್ಲಿ ಫಿಲಿಪ್ ರಾಸ್‌ಮುಸೆನ್ ಎಂಬ ತರುಣ ಮಲಗುವ ಪೈಜಾಮದಲ್ಲೇ ಪಿ-36 ಹಾರಿಸಿ ಒಂದು ಜಪಾನಿ ವಿಮಾನ ಕೆಡವಿದ. ಫಿಲಿಪೀನ್ಸಿನ ಕಥೆ ಇನ್ನೂ ವಿಚಿತ್ರ. ಅಲ್ಲಿದ್ದ ಫೈಟರ್‌ಗಳಲ್ಲಿ ಕೆಲವು ಸ್ವೀಡನ್ನಿಗೆಂದು ಕಟ್ಟಿದ್ದ ಪಿ-35ಗಳು. ಅಮೆರಿಕ ಅವನ್ನು ತಡೆಹಿಡಿದು ಮನಿಲಾಕ್ಕೆ ಕಳಿಸಿತ್ತು, ಒಳಗಿನ ಮೀಟರುಗಳ ಬರಹ ಸ್ವೀಡಿಷ್ ಭಾಷೆಯಲ್ಲಿ. ಹೊಸ ಪಿ-40ಗಳೂ ಬಂದಿದ್ದವು. ಪರ್ಲ್ ಹಾರ್ಬರ್ ಸುದ್ದಿ ತಲುಪಿ ಗಂಟೆಗಟ್ಟಲೆ ಆದ ಮೇಲೂ ಕ್ಲಾರ್ಕ್ ನಿಲ್ದಾಣದಲ್ಲಿ ಅವು ನೆಲದ ಮೇಲೇ ಇದ್ದಾಗ ಬಾಂಬು ಬಿತ್ತು.

ಇದರ ಪಕ್ಕಕ್ಕೆ ಇನ್ನೊಂದು ಪಿ-40 ಗುಂಪನ್ನು ಇಟ್ಟು ನೋಡಬೇಕು. ಚೀನಾಕ್ಕಾಗಿ ಹೋರಾಡಲು ಬಂದ ಅಮೆರಿಕದ ಸ್ವಯಂಸೇವಕ ಪೈಲಟ್‌ಗಳು, ಜನ ‘ಫ್ಲೈಯಿಂಗ್ ಟೈಗರ್ಸ್’ ಎಂದು ಕರೆದವರು. ಕಾಗದದ ಮೇಲೆ ಅವರು ಪಾಲಿಯ ಕಂಪನಿಯ ನೌಕರರು. ಹೌದು, ಬೆಂಗಳೂರಿನ ಅದೇ ಪಾಲಿ. ಬ್ರಿಟನ್ನಿಗೆಂದು ಇದ್ದ 100 ಪಿ-40ಗಳನ್ನು ಅವರಿಗೆ ಬಿಟ್ಟುಕೊಟ್ಟರು. ಹಡಗಿಗೆ ಏರಿಸುವಾಗ ಒಂದರ ಭಾಗ ನೀರಿಗೆ ಬಿದ್ದು 99 ಉಳಿದವು. ರಂಗೂನಿನಲ್ಲಿ ಜೋಡಿಸಿದರು, ಬರ್ಮಾದ ಟೌಂಗೂವಿನಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದರು. ಅವರ ನಾಯಕ ಶೆನೊ ಚೀನಾದ ಹಳ್ಳಿ ಹಳ್ಳಿಗಳಲ್ಲಿ ಆಕಾಶ ನೋಡುವವರನ್ನು ಕೂರಿಸಿ, ಫೋನು ಮತ್ತು ರೇಡಿಯೊ ಮೂಲಕ ಸುದ್ದಿ ತಲುಪಿಸುವ ಜಾಲವನ್ನು ಹಿಂದೆಯೇ ಕಟ್ಟಿದ್ದ. 1941ರ ಡಿಸೆಂಬರ್ 20ರಂದು ಕುನ್‌ಮಿಂಗ್ ಕಡೆಗೆ ಬಂದ ಹತ್ತು ಜಪಾನಿ ಬಾಂಬರ್‌ಗಳಿಗಾಗಿ ಅವರು ಮೇಲೆಯೇ ಕಾಯುತ್ತಿದ್ದರು. ಕನಿಷ್ಠ ಮೂರು ಬಿದ್ದವು. ವಿಮಾನದ ಜಾತಿ ಒಂದೇ, ಯುದ್ಧ ಶುರುವಾದ ಮೊದಲ ಎರಡು ವಾರಗಳು ಒಂದೇ. ಕ್ಲಾರ್ಕ್‌ನಲ್ಲಿ ಹೊಗೆ, ಕುನ್‌ಮಿಂಗ್‌ನಲ್ಲಿ ಗೆಲುವು. ಪರ್ಯಾಯ ಇತಿಹಾಸ ಬರೆಯುವವರು ವಿಮಾನದ ಸಂಖ್ಯೆಯನ್ನೇ ಹಿಗ್ಗಿಸುತ್ತಾ ಕೂರುವುದು ನನಗೆ ಹಿಡಿಸದಿರಲು ಇದೇ ಕಾರಣ. ಕೊಲಂಬೊದಲ್ಲೂ ಹರಿಕೇನ್ ಫೈಟರ್‌ಗಳಿದ್ದವು, ಆದರೆ ಆ ಏಪ್ರಿಲ್ 5ರಂದು ಎಚ್ಚರಿಕೆಯೇ ಬರಲಿಲ್ಲ. ರತ್ಮಲಾನಾದ ಪೈಲಟ್‌ಗಳು ವಿಮಾನದತ್ತ ಓಡುವಾಗ ಜಪಾನೀಯರು ತಲೆಯ ಮೇಲಿದ್ದರು.

ಹಾಗಾದರೆ ಬೆಂಗಳೂರಿನ ಮಟ್ಟಿಗೆ ‘ಇದ್ದಿದ್ದರೆ’ ಎಂಬ ಮಾತಿಗೆ ಅರ್ಥವೇ ಇಲ್ಲವೇ? ಇದೆ, ಆದರೆ ಬೇರೆ ಕಡೆ ಇದೆ ಎಂಬುದು ನನ್ನ ವಾದ. ಫ್ಲೈಯಿಂಗ್ ಟೈಗರ್ಸ್ ಸೊರಗಿದ್ದು ಹೆಚ್ಚಾಗಿ ಟೈರಿಲ್ಲದೆ, ಬಿಡಿಭಾಗವಿಲ್ಲದೆ. ಒಂದು ವಿಮಾನ ಹಾರಬೇಕಾದರೆ ಇನ್ನೊಂದರ ಭಾಗ ಕಿತ್ತು ಹಾಕಬೇಕಿತ್ತು. ಗುಂಡು ತಾಗಿದವು, ಇಳಿಯುವಾಗ ಮುರಿದವು ಲೊಯ್‌ವಿಂಗ್‌ನ ಪಾಲಿ ಕಾರ್ಖಾನೆಗೆ ದುರಸ್ತಿಗೆ ಹೋಗುತ್ತಿದ್ದವು. ಆ ಕಾರ್ಖಾನೆಗೆ 1940ರ ಅಕ್ಟೋಬರ್‌ನಲ್ಲೇ ಬಾಂಬು ಬಿದ್ದು, ಅಲ್ಲಿನ ಒಂದಷ್ಟು ಯಂತ್ರ, ಜನ ಬೆಂಗಳೂರಿಗೆ ಬಂದಿದ್ದರು. ಉಳಿದದ್ದರಲ್ಲಿ ಕೆಲಸ ಸಾಗಿತ್ತು. 1942ರ ಏಪ್ರಿಲ್ ಮುಗಿಯುವ ಹೊತ್ತಿಗೆ ಜಪಾನಿ ಸೇನೆ ಹತ್ತಿರ ಬಂದಾಗ ಲೊಯ್‌ವಿಂಗ್ ಬಿಟ್ಟು ಓಡಬೇಕಾಯಿತು. ರಿಪೇರಿಗೆಂದು ನಿಂತಿದ್ದ ಇಪ್ಪತ್ತರಷ್ಟು ಪಿ-40ಗಳಿಗೆ ಅವರೇ ಬೆಂಕಿ ಇಟ್ಟರು. 99ರಲ್ಲಿ ಇಪ್ಪತ್ತು! ಬೆಂಗಳೂರಿನಲ್ಲಿ ಹೊಸದಾಗಿ ಕಟ್ಟಿದ ಹಾಕ್‌ಗಳು ಐದು, ಲೊಯ್‌ವಿಂಗ್‌ನಲ್ಲಿ ರಿಪೇರಿಯಾಗದೆ ಸುಟ್ಟ ವಿಮಾನಗಳು ಅದರ ನಾಲ್ಕರಷ್ಟು.

ಹೊಸ ಫೈಟರ್ ಕಟ್ಟುವ ಬದಲು ಬೆಂಗಳೂರು 1941ರಲ್ಲೇ ರಿಪೇರಿ ಶೆಡ್ ಆಗಿದ್ದಿದ್ದರೆ, ರಂಗೂನ್ ಬಂದರು ತೆರೆದಿರುವಾಗಲೇ ಮುರಿದ ವಿಮಾನಗಳು ಹಡಗಿನಲ್ಲಿ ಮದರಾಸಿಗೆ, ಅಲ್ಲಿಂದ ಒಂದು ರಾತ್ರಿಯ ರೈಲಿನಲ್ಲಿ ಬೆಂಗಳೂರಿಗೆ ಬಂದಿದ್ದರೆ ಎಂಬುದು ನನಗೆ ನಂಬಬಹುದಾದ ಊಹೆ. ರಂಗೂನ್ ಉಳಿಯುತ್ತಿತ್ತು ಎನ್ನಲಾರೆ. ಹಾರಬಲ್ಲ ವಿಮಾನಗಳು ಹೆಚ್ಚಿರುತ್ತಿದ್ದವು, ಬರ್ಮಾದಿಂದ ನಡೆದು ಬರುತ್ತಿದ್ದ ಲಕ್ಷಾಂತರ ಭಾರತೀಯರ ತಲೆಯ ಮೇಲೆ ಬಾಂಬರ್‌ಗಳು ಅಷ್ಟು ನಿರಾಳವಾಗಿ ಸುತ್ತಲಾಗುತ್ತಿರಲಿಲ್ಲ ಎನ್ನಬಹುದು. ಇದು ನಿಯಮ ಮೀರಿದ ಊಹೆಯೂ ಅಲ್ಲ. 1943ರಲ್ಲಿ ಬೆಂಗಳೂರಿನ ಕಾರ್ಖಾನೆಯನ್ನು ಅಮೆರಿಕದ ಸೇನಾ ವಾಯುಪಡೆ ವಹಿಸಿಕೊಂಡು ಅದನ್ನೇ ಮಾಡಿತು. ಕೆಟಲೀನಾ, ಬಿ-25, ಡಕೋಟಾ, ಏನು ಬಂದರೂ ಬಿಚ್ಚಿ ಜೋಡಿಸಿ ಮತ್ತೆ ಹಾರಿಸುವ ದೊಡ್ಡ ಡಿಪೊ ಆಯಿತು ಅದು. ಆ ಕೆಲಸಕ್ಕೆ ಬೇಕಾದ ಸ್ಥಳ, ವಿದ್ಯುತ್ತು, ಕೈಗಳು 1941ರಲ್ಲೂ ಇದ್ದವು.

ಯಾಕೆ ಯಾರೂ ಹಾಗೆ ಯೋಚಿಸಲಿಲ್ಲ? ವಾಲ್‌ಚಂದರಿಗೆ ಬೇಕಿದ್ದದ್ದು ಭಾರತದ ಹೆಸರಿನ ವಿಮಾನ. ಹಡಗು, ಮೋಟಾರು, ವಿಮಾನ ಮೂರರಲ್ಲೂ ಬ್ರಿಟಿಷರಿಂದ ಬೇಡ ಎನ್ನಿಸಿಕೊಂಡಿದ್ದ ಮನುಷ್ಯ ಗ್ಯಾರೇಜಿಗೆ ಒಪ್ಪುತ್ತಿದ್ದರೆ? ಆ ಹಟ ನನಗೆ ಅರ್ಥವಾಗುತ್ತದೆ. ಬ್ರಿಟಿಷರಿಗೆ ಪೂರ್ವದಲ್ಲಿ ಅಂಥ ಯುದ್ಧ ಬರುತ್ತದೆಂಬ ನಂಬಿಕೆಯೇ ಇರಲಿಲ್ಲ. ಪಾಲಿಗೆ ಹೊಸ ವಿಮಾನ ಮಾರಿದರೆ ಲಾಭ, ಹಳೆಯದರ ರಿಪೇರಿಯಲ್ಲಿ ಏನಿದೆ? ಫೈಟರ್‌ಗೆ ಫೋಟೊ ಇದೆ, ಉದ್ಘಾಟನೆ ಇದೆ. ಸ್ಪ್ಯಾನರ್ ಹಿಡಿದವನ ಫೋಟೊ ತೆಗೆಯುವವರಿಲ್ಲ.

ಹೈದರಾಬಾದಿನ ಪಾಲಿನ ಮಾತಿಗೆ ಬರುತ್ತೇನೆ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಫೈಟರ್‌ಗಳಿಗೆ ಹಣ ಕೊಟ್ಟವರಲ್ಲಿ ದೊಡ್ಡವ. ಮೊದಲ ಮಹಾಯುದ್ಧದಲ್ಲೇ ಬ್ರಿಟಿಷ್ ವಾಯುಪಡೆಯ 110ನೇ ಸ್ಕ್ವಾಡ್ರನ್‌ಗೆ ವಿಮಾನ ಕೊಡಿಸಿ ‘ಹೈದರಾಬಾದ್’ ಎಂಬ ಹೆಸರು ಪಡೆದಿದ್ದ. ಎರಡನೆಯದರಲ್ಲಿ 152 ಮತ್ತು 253ನೇ ಸ್ಕ್ವಾಡ್ರನ್‌ಗಳೂ ಹೈದರಾಬಾದ್ ಸ್ಕ್ವಾಡ್ರನ್‌ಗಳಾದವು. 152ರ ಲಾಂಛನದಲ್ಲಿ ನಿಜಾಮನ ಪೇಟವೇ ಇದೆ. ಒಂದು ಸ್ಪಿಟ್‌ಫೈರ್‌ಗಳಲ್ಲಿ, ಇನ್ನೊಂದು ಹರಿಕೇನ್‌ಗಳಲ್ಲಿ 1940ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಆಕಾಶ ಕಾದವು. ಬೀದರಿನ, ಭಾಲ್ಕಿಯ, ಔರಾದಿನ ರೈತ ಕಂದಾಯ ಕಟ್ಟುತ್ತಿದ್ದದ್ದು ಇದೇ ನಿಜಾಮನಿಗೆ. ಕಾಕಿನಾಡದ ಮೇಲೆ ಬಾಂಬು ಬಿದ್ದ ದಿನ ಹೈದರಾಬಾದ್ ಹೆಸರಿನ ಸ್ಪಿಟ್‌ಫೈರ್‌ಗಳು ಭಾರತದಲ್ಲಿರಲಿಲ್ಲ. 152ನೇ ಸ್ಕ್ವಾಡ್ರನ್ ಈ ಕಡೆಗೆ ಬಂದದ್ದು 1943ರ ಕೊನೆಗೆ. ಮೈಸೂರು 25 ಲಕ್ಷ ಹಾಕಿ ಒಂದು ಶೆಡ್ಡು, ಕೆಲಸ ಬಲ್ಲ ಒಂದು ಪೀಳಿಗೆಯನ್ನು ಉಳಿಸಿಕೊಂಡಿತು. ಹೈದರಾಬಾದಿಗೆ ಉಳಿದದ್ದು ಲಾಂಛನದ ಪೇಟ.

1948ರಲ್ಲಿ ಭಾರತ ಸುತ್ತಲಿನ ದಾರಿಗಳನ್ನು ಬಿಗಿದಾಗ ಇದೇ ನಿಜಾಮನ ಸರ್ಕಾರ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ಪೈಲಟ್‌ನನ್ನು ಹಿಡಿಯಿತು. ಅವನ ಲಂಕಾಸ್ಟ್ರಿಯನ್ ವಿಮಾನಗಳು ಕರಾಚಿಯಿಂದ ಕಣ್ತಪ್ಪಿಸಿ ಬಂದು ಬೀದರ್ ಮತ್ತು ವರಂಗಲ್‌ನಲ್ಲಿ ಬಂದೂಕಿನ ಪೆಟ್ಟಿಗೆ ಇಳಿಸಿ ಹೋಗುತ್ತಿದ್ದವು. ಸೆಪ್ಟೆಂಬರ್ 13ರಂದು ಪೊಲೀಸ್ ಕಾರ್ಯಾಚರಣೆ ಶುರುವಾದಾಗ ಭಾರತದ ಟೆಂಪೆಸ್ಟ್ ಫೈಟರ್‌ಗಳ ಗುರಿಗಳಲ್ಲಿ ಬೀದರ್ ವಿಮಾನ ನಿಲ್ದಾಣವೂ ಇತ್ತು. ಎದುರಿಸಲು ಮೇಲೇರಿದವರು ಯಾರೂ ಇಲ್ಲ. ಸೆಪ್ಟೆಂಬರ್ 17ರ ನಸುಕಿನಲ್ಲಿ ಸೇನೆ ಬೀದರಿಗೆ ಕಾಲಿಟ್ಟಾಗ, ಎರಡು ಮಹಾಯುದ್ಧಗಳಲ್ಲಿ ಮೂರು ಸ್ಕ್ವಾಡ್ರನ್‌ಗಳಿಗೆ ಹೆಸರು ಕೊಟ್ಟ ಸಂಸ್ಥಾನದ ಬಳಿ ಸ್ವಂತದ್ದು ಎನ್ನುವ ಒಂದು ಫೈಟರ್ ಕೂಡ ಇರಲಿಲ್ಲ.